ಮಲ್ಪೆ ಭಾವನ ಜೊತೆ ಲಕ್ಷದ್ವೀಪದ ನೀರಿಗಿಳಿದಾಗ

ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ದಿನಾ ಉಡುಪಿ ದಾಟಿ ಹೋಗುತ್ತದೆ. ಅದರ ಹೆಸರಿನಲ್ಲಿರುವ ಮಂಗಳೂರು ನಮಗೆಲ್ಲ ಗೊತ್ತು. ಲಕ್ಷದ್ವೀಪ ನೋಡಿದವರು ಮಾತ್ರ ನಮ್ಮ ಕಡೆ ತೀರಾ ಕಡಿಮೆ. ಭೂಪಟ ಬಿಡಿಸಿ ನೋಡಿದರೆ ಆಶ್ಚರ್ಯ ಆಗುತ್ತದೆ. ಲಕ್ಷದ್ವೀಪದ ಕಡಮತ್ ದ್ವೀಪದಿಂದ ಕೊಚ್ಚಿಗೆ ನೇರ ಗೆರೆ ಎಳೆದರೆ ಸುಮಾರು 400 ಕಿ.ಮೀ. ಮಂಗಳೂರಿಗೆ ಸುಮಾರು 290 ಮಾತ್ರ. ಹತ್ತಿರ ಇರುವುದು ನಾವೇ. ಆದರೂ ನಾವು ಹೋದದ್ದು ಕೊಚ್ಚಿ ಸುತ್ತಿಕೊಂಡು.

ಜೊತೆಗೆ ಬಂದವರು ನನ್ನ ಅಕ್ಕನ ಗಂಡ, ಮಲ್ಪೆಯ ಭಾವ. ತುಂಬಾ ವರ್ಷ ಪರ್ಸಿನ್ ಬೋಟಿನಲ್ಲಿ, ಅಂದರೆ ಮೀನಿನ ಹಿಂಡನ್ನೇ ಸುತ್ತುವ ದೊಡ್ಡ ಬಲೆಯ ಬೋಟಿನಲ್ಲಿ, ತಾಂಡೇಲರಾಗಿ ಬೋಟು ನಡೆಸಿದವರು. ಈಗ ಬೋಟು ಬಿಟ್ಟು ಬಲೆ ರಿಪೇರಿ ಮಾಡಿಸುತ್ತಾರೆ. ನೀರಿನ ಬಣ್ಣ ನೋಡಿ ಬಂಗುಡೆ ಎಲ್ಲಿದೆ, ಬೂತಾಯಿ ಎಲ್ಲಿದೆ ಅಂತ ಹೇಳಬಲ್ಲರು. ನಾನು ಲಕ್ಷದ್ವೀಪದ ಮಾತೆತ್ತಿದಾಗ ಅವರು ಹೇಳಿದ್ದು ಒಂದೇ: "ನಾನು ಇಷ್ಟು ವರ್ಷ ಮೀನು ಹಿಡಿದದ್ದು ಹೌದು. ಆದರೆ ಮೀನು ತನ್ನ ಜಾಗದಲ್ಲಿ ಹೇಗಿರುತ್ತದೆ ಅಂತ ನೋಡಲೇ ಇಲ್ಲ ಮಾರಾಯ. ನಾನೂ ಬರುತ್ತೇನೆ."

ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟು, ಪ್ರವೇಶದ ಪರವಾನಗಿ, ಎರಡಕ್ಕೂ ಓಡಾಟ ಇದೆ. ಒಂದು ತಿಂಗಳು ಮೊದಲೇ ಶುರು ಮಾಡಿದರೆ ಒಳ್ಳೆಯದು. ಪರವಾನಗಿಯಲ್ಲಿ ನೀವು ಹೋಗುವ ಪ್ರತಿಯೊಂದು ದ್ವೀಪದ ಹೆಸರೂ ಇರಬೇಕು. ಅಗತ್ತಿಗೆ ಬಂದ ಮೇಲೆ ಹೇಗೂ ಬಂದಾಗಿದೆ, ಕಡಮತ್ತಿಗೂ ಹೋಗೋಣ ಅಂದರೆ ಆಗುವುದಿಲ್ಲ.

ಸೋಮವಾರ, ಅಗತ್ತಿ

ಶನಿವಾರ ರಾತ್ರಿಯ ರೈಲು. ಆಲುವಾ ಸ್ಟೇಷನ್ನಿನಿಂದ ವಿಮಾನ ನಿಲ್ದಾಣ ದೂರವಿಲ್ಲ, ಅಲ್ಲೇ ಇಳಿದೆವು. ರೈಲು ತಡವಾಗುವುದು ಇದ್ದದ್ದೇ. ಅದಕ್ಕೆ ಭಾನುವಾರ ಅಲ್ಲೇ ಉಳಿದು, ಸೋಮವಾರ ಬೆಳಿಗ್ಗೆ ಅಗತ್ತಿಯ ಸಣ್ಣ ವಿಮಾನ ಹತ್ತಿದೆವು. ಲಗೇಜಿನ ಮಿತಿ ಕಡಿಮೆ. ಅಕ್ಕ ಕಟ್ಟಿಕೊಟ್ಟಿದ್ದ ಉಪ್ಪಿನಕಾಯಿ ಭರಣಿ ಕೊಚ್ಚಿಯಲ್ಲೇ ಉಳಿಯಿತು.

ಒಂದು ಗಂಟೆಗೂ ಮಿಕ್ಕಿ ಕೆಳಗೆ ಕಡು ನೀಲಿ ಬಿಟ್ಟು ಬೇರೇನೂ ಇರಲಿಲ್ಲ. ಆಮೇಲೆ ಒಮ್ಮೆಲೇ ಬಿಳಿ ನೊರೆಯ ಒಂದು ಗೆರೆ ಕಂಡಿತು. ಗೆರೆಯ ಹೊರಗೆ ಕಪ್ಪು ನೀಲಿ, ಒಳಗೆ ತಿಳಿ ಹಸಿರು. ಆ ಗೆರೆಯೇ ರೀಫ್, ಹವಳದ ದಂಡೆ. ಒಳಗಿನ ಹಸಿರು ನೀರು ಲಗೂನು. ಪೂರ್ವದ ಅಂಚಿನಲ್ಲಿ ತೆಂಗಿನ ಮರಗಳ ಒಂದು ಸಪೂರ ಪಟ್ಟಿ. ಅದೇ ಅಗತ್ತಿ. ರನ್‌ವೇ ಇರುವುದು ದ್ವೀಪದ ದಕ್ಷಿಣದ ತುದಿಯಲ್ಲಿ. ಅಲ್ಲಿ ನೆಲ ಎಷ್ಟು ಸಪೂರ ಅಂದರೆ, ಎಡದ ಕಿಟಕಿಯಲ್ಲೂ ಸಮುದ್ರ, ಬಲದ ಕಿಟಕಿಯಲ್ಲೂ ಸಮುದ್ರ. ಭಾವ ಸೀಟಿನ ಕೈ ಗಟ್ಟಿ ಹಿಡಿದುಕೊಂಡಿದ್ದರು. ಅವರಿಗೆ ಅದು ಮೊದಲ ವಿಮಾನ.

ಉಳಿದದ್ದು ಒಂದು ಮನೆಯಲ್ಲಿ. ಮಧ್ಯಾಹ್ನಕ್ಕೆ ಅನ್ನ, ತೆಂಗಿನಕಾಯಿ ಅರೆದು ಮಾಡಿದ ಚೂರ ಮೀನಿನ ಸಾರು, ಹುರಿದ ತುಂಡುಗಳು. ನಾವು ಕೇದರ್ ಅನ್ನುತ್ತೇವಲ್ಲ, ಆ ಜಾತಿಯ ಮೀನು, ಅಂದರೆ ಟ್ಯೂನಾ. ನಮ್ಮಲ್ಲಿ ಅಂಜಲ್, ಮಾಂಜಿ ಸಿಕ್ಕುವಾಗ ಕೇದರ್ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಇಲ್ಲಿ ಬೆಳಗಿನಿಂದ ರಾತ್ರಿವರೆಗೂ ಅದೇ. ಬೆಳಿಗ್ಗೆ ಹಿಡಿದದ್ದು ಮಧ್ಯಾಹ್ನ ತಟ್ಟೆಗೆ ಬಂದಿತ್ತು. ರುಚಿ ಬೇರೆಯೇ. ತರಕಾರಿ ಮಾತ್ರ ಇರಲಿಲ್ಲ. ಹಡಗು ಬಂದಿಲ್ಲ ಅಂದರು. ಸಸ್ಯಾಹಾರಿಗಳು ಬರುವುದಾದರೆ ಮನೆಯವರಿಗೆ ಮೊದಲೇ ತಿಳಿಸಬೇಕು.

ಸಂಜೆ ರಸ್ತೆಯುದ್ದಕ್ಕೂ ನಡೆದೆವು. ಒಂದು ಕಡೆ ಕೆನರಾ ಬ್ಯಾಂಕಿನ ಬೋರ್ಡು ಕಂಡು ಭಾವನಿಗೆ ಖುಷಿಯೋ ಖುಷಿ. ಉಡುಪಿಯಲ್ಲಿ 1925ರಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕು ಲಕ್ಷದ್ವೀಪಕ್ಕೆ ಲೀಡ್ ಬ್ಯಾಂಕ್ ಆಗಿತ್ತು. 2020ರಲ್ಲಿ ಅದು ಕೆನರಾ ಬ್ಯಾಂಕಿನ ಜೊತೆ ಸೇರಿತು. ಅಂದರೆ ಈ ಮರಳಿನ ಮೇಲೂ ನಮ್ಮೂರಿನ ಒಂದು ಹೆಜ್ಜೆ ಇದೆ.

ಜೆಟ್ಟಿಯ ಹತ್ತಿರ ಚೂರ ಹಿಡಿಯುವ ದೋಣಿಗಳು ನಿಂತಿದ್ದವು. ಭಾವ ಸೀದಾ ಹತ್ತಿರ ಹೋಗಿ ಮಾತಿಗೆ ನಿಂತರು. ಕಾಸರಗೋಡು, ಕೊಚ್ಚಿ ಬಂದರುಗಳಲ್ಲಿ ಕಲಿತ ಮಲಯಾಳ ಅವರದ್ದು. ಇಲ್ಲಿಯವರದ್ದು ಜೆಸೆರಿ, ಮಲಯಾಳದ ಹತ್ತಿರದ ಮಾತು. ಮೀನಿನ ವಿಷಯವಾದ್ದರಿಂದ ಭಾಷೆ ಅಡ್ಡ ಬರಲಿಲ್ಲ. ಇಲ್ಲಿ ದೊಡ್ಡ ಬಲೆ ಇಲ್ಲ. ಬೆಳಗಿನ ಜಾವ ಲಗೂನಿನಲ್ಲಿ ಸಣ್ಣ ಬಲೆ ಹಾಕಿ, ಬೆರಳುದ್ದದ ಮೀನುಗಳನ್ನು ಜೀವಂತ ಹಿಡಿಯುತ್ತಾರೆ. ದೋಣಿಯ ತೊಟ್ಟಿಯಲ್ಲಿ ಸಮುದ್ರದ ನೀರು ಹರಿಯುತ್ತಿರುತ್ತದೆ, ಅದರಲ್ಲಿ ಬಿಡುತ್ತಾರೆ. ಹೊರಗೆ ಹೋಗಿ ಚೂರದ ಹಿಂಡು ಸಿಕ್ಕಿದಾಗ ಈ ಸಣ್ಣ ಮೀನು ಎರಚುತ್ತಾರೆ, ಮೇಲಿನಿಂದ ನೀರು ಚಿಮುಕಿಸುತ್ತಾರೆ. ಚೂರ ಹುಚ್ಚು ಹಿಡಿದ ಹಾಗೆ ಮೇಲೆ ಬರುತ್ತದೆ. ಆಗ ಸಾಲಾಗಿ ನಿಂತವರು ಕೋಲಿನ ಗಾಳ ಬಿಟ್ಟು ಒಂದೊಂದೇ ಮೀನನ್ನು ಎತ್ತಿ ಹಿಂದಕ್ಕೆ ಎಸೆಯುತ್ತಾರೆ. ಗಾಳಕ್ಕೆ ಮುಳ್ಳು ಇಲ್ಲ. ಮೀನು ತಾನೇ ಕಳಚಿ ದೋಣಿಯೊಳಗೆ ಬೀಳುತ್ತದೆ.

ಭಾವ ಕೋಲನ್ನು ಕೈಯಲ್ಲಿ ಹಿಡಿದು ಭಾರ ನೋಡಿದರು. ವಾಪಸು ಬರುವಾಗ ಹೇಳಿದರು: "ನಮ್ಮ ಬಲೆಗೆ ಬೇಕಾದ್ದೂ ಬರುತ್ತದೆ, ಬೇಡದ್ದೂ ಬರುತ್ತದೆ. ಮರಿಯೂ ಬರುತ್ತದೆ. ಇವರು ಬೇಕಾದ್ದನ್ನು ಮಾತ್ರ ಎತ್ತುತ್ತಾರೆ." ಸ್ವಲ್ಪ ದೂರ ನಡೆದ ಮೇಲೆ ಇನ್ನೊಂದು ಮಾತು ಸೇರಿಸಿದರು. "ಆದರೆ ಆ ಸಣ್ಣ ಮೀನು ಇರುವುದು ಹವಳದ ಸಂದಿನಲ್ಲಿ ಅಲ್ವಾ? ಹವಳ ಹೋದರೆ ಇವರ ಗಾಳವೂ ಹೋಯಿತು."

ಮಂಗಳವಾರ, ಲಗೂನಿನ ಒಳಗೆ

ಡೈವಿಂಗಿಗೆ ಮೊದಲು ಆರೋಗ್ಯದ ಒಂದು ಫಾರಂ ತುಂಬಿಸುತ್ತಾರೆ. ಉಬ್ಬಸ, ಹೃದಯದ ತೊಂದರೆ, ಕಿವಿ ಸೋರುವುದು ಇದ್ದರೆ ಮುಚ್ಚಿಡಬಾರದು. ನೆಗಡಿ ಇದ್ದರಂತೂ ಇಳಿಯಲೇಬಾರದು. ಹತ್ತು ಮೀಟರ್ ಇಳಿದರೆ ಮೈಮೇಲಿನ ಒತ್ತಡ ಎರಡು ಪಟ್ಟು ಆಗುತ್ತದೆ. ಮೂಗು ಕಟ್ಟಿದ್ದರೆ ಕಿವಿಯೊಳಗಿನ ಒತ್ತಡ ಸರಿಮಾಡಲು ಬರುವುದಿಲ್ಲ, ನೋವು ತಡೆಯಲಾಗುವುದಿಲ್ಲ. ಡೈವಿಂಗ್ ಮುಗಿಸಿ ಒಂದು ಇಡೀ ದಿನ ಕಳೆಯದೆ ವಿಮಾನ ಹತ್ತಬಾರದು ಅನ್ನುವುದನ್ನೂ ಟಿಕೆಟ್ ಮಾಡಿಸುವಾಗಲೇ ನೆನಪಿಡಬೇಕು. ನಾವು ವಾಪಸು ಹಡಗಿನಲ್ಲಿ ಬರುವುದೆಂದು ನಿಶ್ಚಯಿಸಿದ್ದು ಅದಕ್ಕೂ ಹೌದು.

ಕಲಿಸಲು ಬಂದವನು ಇಪ್ಪತ್ತೈದರ ಒಳಗಿನ ಹುಡುಗ, ಅಗತ್ತಿಯವನೇ. ಎದೆಮಟ್ಟದ ನೀರಿನಲ್ಲಿ ನಿಲ್ಲಿಸಿ ಉಸಿರಾಡಲು ಕಲಿಸಿದ. ಉಸಿರು ಕಟ್ಟಿ ಹಿಡಿಯಬಾರದು, ಅದೊಂದೇ ದೊಡ್ಡ ನಿಯಮ. ಹೆಬ್ಬೆರಳು ಮೇಲೆ ಮಾಡಿ ತೋರಿಸಿದರೆ 'ಮೇಲಕ್ಕೆ ಹೋಗೋಣ' ಅಂತ. 'ಚೆನ್ನಾಗಿದೆ' ಅನ್ನಲು ಬೆರಳು ಸುತ್ತಿ ತೋರಿಸಬೇಕು. ಭಾವನಿಗೆ ಹುಡುಗ "ಇಕ್ಕ, ಮೆಲ್ಲೆ, ಮೆಲ್ಲೆ" ಅನ್ನುತ್ತಿದ್ದ, ಅಣ್ಣಾ ನಿಧಾನ ಅಂತ. ಸಮುದ್ರದಲ್ಲೇ ಬೆಳೆದ ಮನುಷ್ಯನಿಗೆ ಬಾಯಿಯಲ್ಲಿ ಕೊಳವೆ ಕಚ್ಚಿ ಉಸಿರಾಡುವುದು ಕಷ್ಟವಾಯಿತು. ಬೋಟಿನಿಂದ ಬಿದ್ದರೆ ಉಸಿರು ಬಿಗಿಹಿಡಿ ಅಂತಲೇ ಅವರು ಎಲ್ಲರಿಗೂ ಹೇಳಿಕೊಟ್ಟವರು. ಆ ಅಭ್ಯಾಸ ಬಿಡಲು ಹೊತ್ತು ಬೇಕಾಯಿತು. ಹುಡುಗನಿಗೆ ಎಲ್ಲಿಲ್ಲದ ತಾಳ್ಮೆ.

ಕೆಳಗೆ ಇಳಿದಾಗ ಮೊದಲು ಕಂಡದ್ದು ಬೆಳಕು. ಮಲ್ಪೆಯ ನೀರಿನಲ್ಲಿ ಮೊಣಕೈವರೆಗೆ ಕೈ ಅದ್ದಿದರೆ ಬೆರಳು ಮಸುಕಾಗುತ್ತದೆ. ಸುವರ್ಣಾ, ಸೀತಾ ಎರಡೂ ನದಿಗಳು ಕೋಡಿಬೇಂಗ್ರೆಯಲ್ಲಿ ಮಣ್ಣು ತಂದು ಸುರಿಯುತ್ತವೆ. ಇಲ್ಲಿ ನದಿಯೇ ಇಲ್ಲ. ಮಣ್ಣೂ ಇಲ್ಲ. ಇರುವುದೆಲ್ಲ ಹವಳ ಪುಡಿಯಾದ ಬಿಳಿ ಮರಳು. ಅದಕ್ಕೇ ನೀರು ಇಷ್ಟು ತಿಳಿ. ದೂರದಲ್ಲಿ ಈಜುವ ಮೀನಿನ ಕಣ್ಣೂ ಕಾಣುತ್ತದೆ ಅನ್ನಿಸುವಷ್ಟು.

ಮರಳಿನ ನಡುವೆ ಅಲ್ಲಲ್ಲಿ ಹವಳದ ಗುಡ್ಡೆಗಳು. ಅವುಗಳ ಸುತ್ತ ತಿಳಿನೀಲಿ ಮೈಯ, ಹಳದಿ ಬೆನ್ನುರೆಕ್ಕೆಯ ಸರ್ಜನ್ ಮೀನುಗಳು. ಒಂದು ಗಿಳಿಮೀನು ಹವಳವನ್ನು ಕಚ್ಚುವ 'ಕಟ್ ಕಟ್' ಸದ್ದು ನೀರಿನೊಳಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಅದು ಹವಳದ ಕಲ್ಲನ್ನು ಅರೆದು, ಪಾಚಿ ತಿಂದು, ಉಳಿದದ್ದನ್ನು ಹಿಂದಿನಿಂದ ಮರಳಾಗಿ ಬಿಡುತ್ತದೆ. ನಾವು ಬೆಳಿಗ್ಗೆ ನಡೆದ ಕಡಲತೀರದ ಮರಳಿನಲ್ಲಿ ಇಂಥ ಮೀನುಗಳ ಪಾಲೂ ಇದೆ. ಒಂದು ಕಡೆ ಕಲ್ಲಿನ ಸಂದಿನಿಂದ ದೊಡ್ಡ ಮುರು (ಗ್ರೂಪರ್) ಮೀನು ನಮ್ಮನ್ನೇ ನೋಡುತ್ತಿತ್ತು. ಭಾವ ಅದರ ಮುಂದೆ ಅಲ್ಲಾಡದೆ ನಿಂತುಬಿಟ್ಟರು. ಮುರುವೂ ಕಿವಿರು ಆಡಿಸುತ್ತಾ ಅಲ್ಲೇ ಇತ್ತು.

ಮೇಲೆ ಬಂದು ಮಾಸ್ಕ್ ತೆಗೆದ ಕೂಡಲೇ ಹೇಳಿದರು: "ನಾವು ನೋಡುವಾಗ ಅದರ ಬಣ್ಣ ಹೋಗಿ ಆಗಿರುತ್ತದೆ. ಐಸಿನಲ್ಲಿ ಹಾಕಿದ ಮೇಲೆ ಎಲ್ಲ ಒಂದೇ ಬೂದು. ಇದಕ್ಕೆ ಇಷ್ಟು ಬಣ್ಣ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ."

ಮಧ್ಯಾಹ್ನ ಸುಮ್ನೆ ಸ್ನಾರ್ಕೆಲ್ ಹಾಕಿಕೊಂಡು ದಡದ ಹತ್ತಿರ ತೇಲಿದೆವು. ಹಸಿರಾಮೆ ಒಂದು ಕೆಳಗೇ ಈಜಿಕೊಂಡು ಹೋಯಿತು. ಅಗತ್ತಿಯ ಲಗೂನಿನಲ್ಲಿ ಹಿಂದೆ ಕಡಲ ಹುಲ್ಲು ದಟ್ಟವಾಗಿತ್ತಂತೆ. ಆಮೆಗಳು ಹೆಚ್ಚಾಗಿ, ಮೇದು ಮೇದು ಹುಲ್ಲು ಖಾಲಿಯಾಯಿತು. ಹುಲ್ಲಿನಲ್ಲಿ ಬೆಳೆಯುತ್ತಿದ್ದ ಮೀನು ಕಡಿಮೆಯಾಯಿತು ಅಂತ ಇಲ್ಲಿನ ಮೀನುಗಾರರಿಗೆ ಆಮೆಯ ಮೇಲೆ ಬೇಸರ. ಆಮೆಯನ್ನು ಕಾಪಾಡುವುದು ಬೇಕು. ಆದರೆ ಮೀನುಗಾರರ ಬೇಸರ ಸುಳ್ಳೂ ಅಲ್ಲ. ಎರಡನ್ನೂ ಕೇಳಿಸಿಕೊಳ್ಳದೆ ದಡದಲ್ಲಿ ಕೂತು ತೀರ್ಪು ಕೊಡುವುದು ಸುಲಭ.

ಬುಧವಾರ, ತಿನ್ನಕ್ಕರ

ಅಗತ್ತಿಯ ಉತ್ತರಕ್ಕೆ ಇನ್ನೊಂದು ಹವಳದ ಉಂಗುರ. ಅದರೊಳಗೆ ಬಂಗಾರಂ, ತಿನ್ನಕ್ಕರ. ಬಹಳ ಕಾಲ ಬಂಗಾರಂ ಬಿಟ್ಟರೆ ಲಕ್ಷದ್ವೀಪದಲ್ಲಿ ಬೇರೆಲ್ಲೂ ಮದ್ಯ ಇರಲಿಲ್ಲ. ಊರುಗಳಲ್ಲಿ ಮೈತುಂಬ ಬಟ್ಟೆ ಹಾಕಿ ಓಡಾಡುವುದು ಮರ್ಯಾದೆ.

ಸಣ್ಣ ದೋಣಿಯಲ್ಲಿ ಹೊರಟೆವು. ಲಗೂನಿನ ಬಾಯಿ ದಾಟಿದ ಕೂಡಲೇ ನೀರಿನ ಬಣ್ಣವೂ ಬದಲಾಯಿತು, ಅಲೆಯೂ ಬದಲಾಯಿತು. ಅರ್ಧ ದಾರಿಯಲ್ಲಿ ಇಂಜಿನ್ ಒಮ್ಮೆ ನರಳಿ ನಿಂತುಹೋಯಿತು. ಪ್ರೊಪೆಲ್ಲರಿಗೆ ಏನೋ ಸುತ್ತಿಕೊಂಡಿದೆ ಅಂತ ಭಾವನಿಗೆ ಸದ್ದಿನಲ್ಲೇ ತಿಳಿಯಿತು. ದೋಣಿಯವನು ಚೂರಿ ಕಚ್ಚಿಕೊಂಡು ಧುಮುಕಿದ. ಅಷ್ಟರಲ್ಲಿ ಎಲ್ಲಿತ್ತೋ ಮೋಡ, ಜೋರು ಮಳೆ. ಫೆಬ್ರವರಿಯಲ್ಲಿ ಮಳೆ! ದೋಣಿ ಅಡ್ಡ ಹೊರಳತೊಡಗಿತು. ಭಾವ ಉದ್ದ ಹುಟ್ಟು ತೆಗೆದು ದೋಣಿಯ ಮೂತಿಯನ್ನು ಅಲೆಯ ಕಡೆಗೆ ತಿರುಗಿಸಿ ಹಿಡಿದುಕೊಂಡರು. ನನ್ನ ಬ್ಯಾಗು, ಒಣ ಬಟ್ಟೆ, ಅವಲಕ್ಕಿ ಪೊಟ್ಟಣ ಎಲ್ಲ ನೆನೆದವು. ಫೋನ್ ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿದ್ದದ್ದಕ್ಕೆ ಉಳಿಯಿತು. ಇಲ್ಲಿ ದೋಣಿ ಹತ್ತುವಾಗ ಅದೊಂದು ಚೀಲ ಬೇಕೇ ಬೇಕು.

ಕೆಳಗಿನಿಂದ ಬಂದದ್ದು ಹಸಿರು ನೈಲಾನ್ ಬಲೆಯ ತುಂಡು, ಒಂದು ಆಳುದ್ದ. ಭಾವ ಅದನ್ನು ಮಡಿಲಲ್ಲಿ ಹರಡಿ ಕಣ್ಣುಗಳನ್ನು ಬೆರಳಿನಲ್ಲಿ ಅಳೆದರು. "ದೊಡ್ಡ ಬೋಟಿನದ್ದು. ಇಲ್ಲಿಯದ್ದಲ್ಲ. ನಮ್ಮ ಕಡೆಯದ್ದೂ ಇರಬಹುದು, ಬೇರೆ ಕಡೆಯದ್ದೂ ಇರಬಹುದು. ಬಲೆ ಹರಿದರೆ ನಾವು ಕಡಿದು ಬಿಟ್ಟುಬಿಡುತ್ತೇವೆ. ಅದು ಎಲ್ಲಿಗೆ ಹೋಗುತ್ತದೆ ಅಂತ ಯಾರು ಕೇಳುತ್ತಾರೆ?" ಆ ತುಂಡನ್ನು ಸಮುದ್ರಕ್ಕೆ ಹಾಕಲು ಬಿಡಲಿಲ್ಲ. ಮಡಚಿ ಇಟ್ಟುಕೊಂಡರು.

ಮಳೆ ಬಂದ ಹಾಗೇ ಹೋಯಿತು. ತಿನ್ನಕ್ಕರದ ನೀರು ಬಿಸಿಲಿನಲ್ಲಿ ಹೊಳೆಯುತ್ತಿತ್ತು. ಸೊಂಟಮಟ್ಟದ ನೀರಿನಲ್ಲಿ ಒಂದು ತೊರಕೆ, ಅಂದರೆ ಬಾಲದಲ್ಲಿ ಮುಳ್ಳಿರುವ ಚಪ್ಪಟೆ ಮೀನು, ಮರಳು ಕೊಡವಿಕೊಂಡು ಎದ್ದು ಹೋಯಿತು. ಮರಳಿನಲ್ಲಿ ಕಾಲು ಎತ್ತಿ ಇಡದೆ ಎಳೆದು ನಡೆಯಬೇಕು, ತೊರಕೆ ಇದ್ದರೆ ಮೊದಲೇ ಸರಿದು ಹೋಗುತ್ತದೆ. ಇದು ಭಾವ ಹೇಳಿಕೊಟ್ಟ ಪಾಠ. ಬಿಸಿಲು ಭಯಂಕರ. ಕ್ರೀಮ್ ಹಚ್ಚುವುದಕ್ಕಿಂತ ಉದ್ದ ತೋಳಿನ ಅಂಗಿ ಹಾಕಿ ಇಳಿಯುವುದು ಮೈಗೂ ಒಳ್ಳೆಯದು, ಹವಳಕ್ಕೂ ಒಳ್ಳೆಯದು.

ಗುರುವಾರ, ಕಡಮತ್ತಿನ ದಾರಿ

ಹಡಗು ತಡ. ಎಷ್ಟು ಹೊತ್ತಿಗೆ ಅಂತ ಯಾರಿಗೂ ಗೊತ್ತಿಲ್ಲ. ಆ ಹೊತ್ತಿನಲ್ಲಿ ಅಗತ್ತಿಯ ನೀರಿನ ಘಟಕದ ವಿಷಯ ಮನೆಯವರಿಂದ ಕೇಳಿದೆ. ದ್ವೀಪದ ಬಾವಿಗಳಲ್ಲಿ ಸಿಗುವುದು ಮಳೆಯ ಸಿಹಿನೀರು. ಮರಳಿನೊಳಗೆ ಇಳಿದು, ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತಿರುತ್ತದೆ. ಜಾಸ್ತಿ ಎಳೆದರೆ ಉಪ್ಪು ಮೇಲೆ ಬರುತ್ತದೆ. ಅದಕ್ಕೆ 2005ರಲ್ಲಿ ಕವರತ್ತಿಯಲ್ಲಿ, 2011ರಲ್ಲಿ ಅಗತ್ತಿ ಮತ್ತು ಮಿನಿಕಾಯ್‌ನಲ್ಲಿ ಸಮುದ್ರದ ನೀರು ಸಿಹಿ ಮಾಡುವ ಘಟಕ ಬಂತು. ಮೇಲಿನ ಬೆಚ್ಚಗಿನ ನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ಸುಮಾರು 350 ಮೀಟರ್ ಆಳದ ತಣ್ಣೀರಿನಿಂದ ತಂಪು ಮಾಡುತ್ತಾರೆ. "350 ಮೀಟರ್ ಆಳವಾ? ದಡದ ಹತ್ತಿರ?" ಅಂತ ಭಾವ ನಂಬಲಿಲ್ಲ. ಮಲ್ಪೆಯಿಂದ ಅಷ್ಟು ಆಳ ಸಿಗಬೇಕಾದರೆ ಹತ್ತಾರು ಕಿ.ಮೀ. ಹೋಗಬೇಕು. ಇಲ್ಲಿ ರೀಫ್ ದಾಟಿದರೆ ಸಮುದ್ರ ಸೀದಾ ಕೆಳಗೆ ಇಳಿಯುತ್ತದೆ.

ಯಾಕೆಂದರೆ ಕೆಳಗಿರುವುದು ಮುಳುಗಿದ ಜ್ವಾಲಾಮುಖಿ ಬೆಟ್ಟಗಳ ಸಾಲು. ಬೆಟ್ಟ ನಿಧಾನಕ್ಕೆ ಕುಸಿಯುತ್ತ ಹೋದ ಹಾಗೆ, ಅದರ ಅಂಚಿನ ಹವಳ ಬೆಳಕಿಗಾಗಿ ಮೇಲೆ ಮೇಲೆ ಬೆಳೆಯಿತು. ಬೆಟ್ಟ ಕಾಣೆಯಾಯಿತು, ಹವಳದ ಉಂಗುರ ಉಳಿಯಿತು. 1842ರಲ್ಲೇ ಡಾರ್ವಿನ್ ಹೀಗೆ ವಿವರಿಸಿದ್ದ. ನಮ್ಮ ಸೇಂಟ್ ಮೇರೀಸ್ ದ್ವೀಪವೂ ಲಾವಾದಿಂದಲೇ ಆದದ್ದು. ಸುಮಾರು 8.8 ಕೋಟಿ ವರ್ಷ ಹಳೆಯ ಆ ಕಲ್ಲಿನ ಕಂಬಗಳನ್ನು ಕೈಯಲ್ಲಿ ಮುಟ್ಟಬಹುದು. ಇಲ್ಲಿ ಮುಟ್ಟಲು ಒಂದು ಕರಿಕಲ್ಲೂ ಇಲ್ಲ.

ಸಂಜೆ ಹಡಗು ಬಂತು. ಕತ್ತಲಾದ ಮೇಲೆ ಕಡಮತ್ತಿಗೆ ಇಳಿದೆವು.

ಶುಕ್ರವಾರ, ಕಡಮತ್

ಶುಕ್ರವಾರ ಅಂಗಡಿ ಮುಚ್ಚಿರುತ್ತವೆ, ಡೈವಿಂಗ್ ಹುಡುಗರು ನಮಾಜಿಗೆ ಹೋಗುತ್ತಾರೆ. ಹಾಗಾಗಿ ನಡೆಯಲು ಹೊರಟೆವು. ಕಡಮತ್ ಉದ್ದದ ದ್ವೀಪ. ಅಗಲ ಅರ್ಧ ಕಿ.ಮೀ. ಆಸುಪಾಸು. ಒಂದೇ ರಸ್ತೆ, ಎರಡೂ ಕಡೆ ತೆಂಗು. ಮಧ್ಯಾಹ್ನದ ಬಿಸಿಲಿನಲ್ಲೂ ನೆರಳು ಬಿಡುವುದಿಲ್ಲ.

ಜೆಟ್ಟಿಯಲ್ಲಿ ಒಂದು ಮಂಜಿ ನಿಂತಿತ್ತು. ಮಂಗಳೂರು ಹಳೇ ಬಂದರಿನಲ್ಲಿ ನೋಡಿದ್ದೆವಲ್ಲ, ಅದೇ ತರಹದ ಮರದ ಹಡಗು. ಅದರಿಂದ ಇಳಿಯುತ್ತಿದ್ದದ್ದು ಜಲ್ಲಿ, ಇಟ್ಟಿಗೆ, ಸಿಮೆಂಟು, ಈರುಳ್ಳಿ ಚೀಲ. ಆಳುಗಳಲ್ಲಿ ಒಬ್ಬ ತುಳುವಿನಲ್ಲೇ ಮಾತಾಡಿದ. ಬಂದರಿನಿಂದ ಹೊರಟು ಬಂದವನು. ಭಾವ ಅವನ ಹೆಗಲು ತಟ್ಟಿ ಊಟ ಆಯಿತಾ ಅಂತ ಕೇಳಿದರು. ಮಳೆಗಾಲ ಹತ್ತಿರ ಬಂದಂತೆ ಮಂಜಿಗಳು ನಿಲ್ಲುತ್ತವೆ, ಆಮೇಲೆ ಮಳೆ ಮುಗಿದ ಮೇಲೆಯೇ. ಅಷ್ಟರೊಳಗೆ ಸಾಮಾನು ತಂದು ತುಂಬಿಸಿಕೊಳ್ಳಬೇಕು.

ನೋಡುತ್ತಾ ನಿಂತಿದ್ದ ಒಬ್ಬ ಅಜ್ಜ ನಮ್ಮನ್ನು ಮಾತಾಡಿಸಿದರು. ಎಂಬತ್ತು ದಾಟಿದವರು. ಎಲ್ಲಿಯವರು ಅಂತ ಕೇಳಿ, ಉಡುಪಿ ಅಂದಾಗ "ಮಂಗಳಾಪುರಂ ಹತ್ತಿರವಾ?" ಅಂದರು. ಹುಡುಗನಾಗಿದ್ದಾಗ ತಂದೆಯ ಜೊತೆ ಓಡದಲ್ಲಿ, ಅಂದರೆ ಹಾಯಿ ಹಡಗಿನಲ್ಲಿ, ಮಂಗಳೂರಿಗೆ ಬಂದಿದ್ದರಂತೆ. ಕೊಂಡೊಯ್ದದ್ದು ತೆಂಗಿನ ನಾರಿನ ಹಗ್ಗ, ತಂದದ್ದು ಅಕ್ಕಿ. ಮೋಡ ನೋಡಿ, ನಕ್ಷತ್ರ ನೋಡಿ ದಾರಿ.

ಅವರ ಹುಡುಗಾಟದ ದಿನಗಳಲ್ಲಿ ಕಡಮತ್ ನಮ್ಮ ಜಿಲ್ಲೆಯೇ ಆಗಿತ್ತು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ, ಈ ಐದೂ 1787ರಲ್ಲಿ ಟಿಪ್ಪುವಿನ ಕೈಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರಿಗೆ ಹೋದವು. ಮುಂದೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಮಂಗಳೂರಿನಿಂದಲೇ ಆಡಳಿತ. 1956ರ ನವೆಂಬರ್ 1ರಂದು, ನಮ್ಮ ರಾಜ್ಯ ಒಂದಾದ ದಿನವೇ, ಇವು ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು. ನಮ್ಮ ಶಾಲೆಯ ಪುಸ್ತಕದಲ್ಲಿ ಇದನ್ನು ಓದಿದ ನೆನಪು ನನಗಿಲ್ಲ. ಓದಬೇಕಿತ್ತು.

ಅಜ್ಜ ಮನೆಗೆ ಕರೆದುಕೊಂಡು ಹೋದರು. ಸೊಸೆ 'ಮೀರಾ' ಅನ್ನುವ ಪಾನೀಯ ತಂದುಕೊಟ್ಟಳು. ತೆಂಗಿನ ಹೂಗೊಂಚಲಿನಿಂದ ಇಳಿಸಿದ ಹೊಸ ರಸ, ಹುಳಿ ಬಂದಿಲ್ಲದ್ದು, ತಂಪು ಸಿಹಿ. ಅದನ್ನೇ ಕಾಯಿಸಿ ಬೆಲ್ಲ ಮಾಡುತ್ತಾರೆ. ಆ ಬೆಲ್ಲಕ್ಕೆ ಕಾಯಿತುರಿ ಸೇರಿಸಿ ಕಟ್ಟಿದ ಉಂಡೆ ಎಲೆಯಲ್ಲಿ ಸುತ್ತಿ ಕೊಟ್ಟರು. ಕಿಲಾಂಜಿಯೂ ಇತ್ತು. ಅಕ್ಕಿ, ಮೊಟ್ಟೆಯ ತೆಳು ದೋಸೆ. ಅದಕ್ಕೆ ಬೆಲ್ಲ, ಬಾಳೆಹಣ್ಣು ಹಾಕಿದ ಕಾಯಿಹಾಲು. ನಮ್ಮ ನೀರುದೋಸೆಯ ದೂರದ ತಂಗಿಯ ಹಾಗಿತ್ತು. ಭಾವ ಮತ್ತೆ ಮತ್ತೆ ಹಾಕಿಸಿಕೊಂಡರು.

ಆ ಮನೆಯ ಹಳೆಯ ಗೋಡೆ ನೋಡಿ ನನ್ನ ಮಾತು ನಿಂತಿತು. ಸುಣ್ಣದ ಕೆಳಗೆ ಹವಳದ ಕಲ್ಲುಗಳು. ನಕ್ಷತ್ರದಂಥ ಗುರುತುಗಳು ಹಾಗೇ ಇವೆ. ಮೊದಲು ಕಲ್ಲಿಗೆ ಬೇರೆ ದಾರಿ ಇರಲಿಲ್ಲ, ಲಗೂನಿನಿಂದ ಒಡೆದು ತರುತ್ತಿದ್ದೆವು ಅಂದರು ಅಜ್ಜ. ಈಗ ಒಡೆಯುವ ಹಾಗಿಲ್ಲ. "ಅದಕ್ಕೇ ನಿಮ್ಮ ಊರಿನ ಕಲ್ಲು ಬರುತ್ತದೆ." ಜೆಟ್ಟಿಯಲ್ಲಿ ಇಳಿಯುತ್ತಿದ್ದ ಜಲ್ಲಿಯ ಬೆಲೆ ನನಗೆ ಆಗ ತಿಳಿಯಿತು. ನಮ್ಮ ಬಂದರಿನಲ್ಲಿ ಏರುವ ಒಂದೊಂದು ಬುಟ್ಟಿ ಜಲ್ಲಿಯೂ ಇಲ್ಲಿ ಅಷ್ಟು ಹವಳವನ್ನು ಒಡೆಯದೆ ಉಳಿಸುತ್ತದೆ. ಈ ದ್ವೀಪಗಳು ಸಮುದ್ರದಿಂದ ಒಂದೆರಡು ಮೀಟರ್ ಎತ್ತರ ಅಷ್ಟೆ. ರೀಫ್ ಅಲೆಯನ್ನು ಹೊರಗೇ ಮುರಿಯುವುದರಿಂದ ಇವರ ಮನೆಗಳು ನಿಂತಿವೆ.

ಶನಿವಾರ, ರೀಫಿನ ಹೊರಗೆ

ಭಾವ ಬೆಳಿಗ್ಗೆಯೇ ತಯಾರಾಗಿ ಕೂತಿದ್ದರು. ಹೊಸಬರಿಗೆ 12 ಮೀಟರ್ ಮಿತಿ. ರೀಫಿನ ಹೊರಮೈಯಲ್ಲಿ ಇಳಿದೆವು. ಕೆಳಗೆ ಇಳಿಜಾರು ನೀಲಿಯಾಗುತ್ತ, ಮತ್ತೆ ಕಪ್ಪಾಗುತ್ತ ಹೋಗುತ್ತಿತ್ತು. ಅತ್ತ ನೋಡಿದಾಗ ಹೊಟ್ಟೆಯಲ್ಲಿ ಒಂಥರಾ ಆಯಿತು.

ಮೀನು ತುಂಬಾ ಇತ್ತು. ಹಳದಿ ಚಿಟ್ಟೆಮೀನುಗಳು ಜೋಡಿ ಜೋಡಿಯಾಗಿ. ಕಡಲಹೂವಿನ ಬೆರಳುಗಳ ನಡುವೆ ಕೋಡಂಗಿ ಮೀನಿನ ಸಂಸಾರ, ಹತ್ತಿರ ಹೋದರೆ ನಮ್ಮ ಮಾಸ್ಕಿಗೇ ಮುನ್ನುಗ್ಗುವ ಧೈರ್ಯ. ಆಳದಲ್ಲಿ ಒಂದು ಸಣ್ಣ ತಾಟೆ (ಶಾರ್ಕ್) ಮೀನು ನಮ್ಮ ಕಡೆ ಲಕ್ಷ್ಯವೇ ಇಲ್ಲದೆ ದಾಟಿ ಹೋಯಿತು.

ಆದರೆ ಹವಳ? ದೊಡ್ಡ ಮೇಜಿನಂಥ ಹವಳಗಳು ಮುರಿದು ಬಿದ್ದಿದ್ದವು. ಕೊಂಬೆ ಹವಳದ ಕೊಂಬೆಗಳು ಬೂದು ಪಾಚಿ ಹಿಡಿದು ರಾಶಿಯಾಗಿದ್ದವು. ಮೀನಿನ ಬಣ್ಣದ ನಡುವೆ ಆ ಬೂದು ಕಣ್ಣಿಗೆ ಹೊಡೆಯುತ್ತಿತ್ತು. ದೋಣಿಗೆ ಬಂದ ಮೇಲೆ ಹುಡುಗ ವಿವರಿಸಿದ. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಹವಳಕ್ಕೆ ಬಣ್ಣವೂ ಅದರದ್ದೇ, ಹೆಚ್ಚಿನ ಊಟವೂ ಅದರದ್ದೇ. ನೀರು ಬಿಸಿಯಾದರೆ ಹವಳ ಆ ಪಾಚಿಯನ್ನು ಹೊರಗೆ ಹಾಕುತ್ತದೆ. ಬೆಳ್ಳಗಾಗುತ್ತದೆ. ಬಿಸಿ ಬೇಗ ಇಳಿದರೆ ಬದುಕುತ್ತದೆ, ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. 1998ರಲ್ಲಿ ಹೀಗಾಯಿತು. 2010ರಲ್ಲಿ, 2016ರಲ್ಲಿ ಮತ್ತೆ. 2023ರ ಅಕ್ಟೋಬರಿನಿಂದ ಸಮುದ್ರ ಬಿಸಿಯಾಗಿಯೇ ಇದ್ದು, 2024ರಲ್ಲಿ ಇನ್ನೊಮ್ಮೆ ಜೋರಾಗಿ ಆಯಿತು ಅಂತ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ವರದಿ ಮಾಡಿದರು. ನಮ್ಮ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ವಿಜ್ಞಾನಿಗಳು ಅಗತ್ತಿ, ಕಡಮತ್, ಕವರತ್ತಿಯಲ್ಲಿ ಇಟ್ಟ ಲೆಕ್ಕ ಇದೆ. 1998ರಲ್ಲಿ ಜೀವಂತ ಹವಳ ಶೇ. 37ರಷ್ಟಿತ್ತು. 2022ಕ್ಕೆ ಅದು ಶೇ. 20ಕ್ಕೂ ಕೆಳಗೆ ಬಂದಿತ್ತು. ಒಂದು ಹೊಡೆತದಿಂದ ಸುಧಾರಿಸಿಕೊಳ್ಳಲು ಹವಳಕ್ಕೆ ವರ್ಷಗಟ್ಟಲೆ ಬೇಕು. ಈಗ ಅಷ್ಟು ಪುರುಸೊತ್ತೇ ಸಿಗುತ್ತಿಲ್ಲ.

ಭಾವ ಹೆಚ್ಚು ಮಾತಾಡಲಿಲ್ಲ. ಕೊನೆಗೆ ಹುಡುಗನನ್ನು ಕೇಳಿದರು: "ಹೊಸತು ಹುಟ್ಟುವುದಿಲ್ಲವಾ?" ಹುಡುಗ ನಮ್ಮನ್ನು ಮತ್ತೊಮ್ಮೆ ಇಳಿಸಿದ. ಸತ್ತ ಹವಳದ ಮೇಲೆ, ಅಂಗೈಯಷ್ಟು ಅಗಲದ, ನೇರಳೆ ತುದಿಯ ಮರಿ ಹವಳಗಳು. ಒಂದಲ್ಲ, ಅಲ್ಲಲ್ಲಿ ಸುಮಾರು ಇದ್ದವು. ರೆಕ್ಕೆಚಪ್ಪಲಿ ತಾಗಿದರೆ ಮುರಿದೇ ಹೋಗುತ್ತವೆ. ಇಲ್ಲಿಗೆ ಬರುವವರಲ್ಲಿ ನನ್ನದೊಂದು ಕೇಳಿಕೆ. ಫೋಟೋಗೆ ಅಂತ ಹವಳದ ಮೇಲೆ ನಿಲ್ಲಬೇಡಿ, ಕೈ ಊರಬೇಡಿ. ಬಿದ್ದ ತುಂಡನ್ನೂ ಮನೆಗೆ ತರಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹವಳಕ್ಕೆ ಹುಲಿಯಷ್ಟೇ ರಕ್ಷಣೆ ಇದೆ, ಹೊರಡುವಾಗ ಬ್ಯಾಗು ತಪಾಸಣೆಯೂ ಆಗುತ್ತದೆ.

ಭಾನುವಾರ, ವಾಪಸು

ಹಡಗು ರೀಫಿನ ಹೊರಗೆ ನಿಲ್ಲುತ್ತದೆ. ಸಣ್ಣ ದೋಣಿಯಲ್ಲಿ ಅಲ್ಲಿವರೆಗೆ ಹೋಗಿ, ಅಲೆ ಎತ್ತಿದ ಗಳಿಗೆ ನೋಡಿ ಹಡಗಿನ ಬದಿಯ ಬಾಗಿಲಿಗೆ ಕಾಲಿಡಬೇಕು. ಕೈಯಲ್ಲಿ ಏನೂ ಇರಬಾರದು. ಒಬ್ಬ ಮುದುಕಿಯನ್ನು ಭಾವನೇ ತೋಳಲ್ಲಿ ಎತ್ತಿ ದಾಟಿಸಿದರು. ರಾತ್ರಿಯಿಡೀ ಹಡಗು ಹೊಯ್ದಾಡಿತು. ವಾಂತಿಯ ಮಾತ್ರೆ ಹತ್ತುವ ಮೊದಲೇ ತೆಗೆದುಕೊಂಡರೆ ಮಾತ್ರ ಪ್ರಯೋಜನ. ಬೆಳಿಗ್ಗೆ ಕೊಚ್ಚಿ, ಮರುದಿನ ಉಡುಪಿ.

ಭಾವ ಆ ಹಸಿರು ಬಲೆಯ ತುಂಡನ್ನು ಮಲ್ಪೆಗೆ ತಂದಿದ್ದಾರೆ. ಬಲೆ ರಿಪೇರಿಗೆ ಬರುವ ಹುಡುಗರಿಗೆಲ್ಲ ತೋರಿಸುತ್ತಾರೆ, ಹರಿದ ಬಲೆ ಕಡಿದು ಬಿಡಬೇಡಿ, ದಡಕ್ಕೆ ತನ್ನಿ, ನಾನು ಇಟ್ಟುಕೊಳ್ಳುತ್ತೇನೆ ಅನ್ನುತ್ತಾರೆ. ಈಗಾಗಲೇ ಇಬ್ಬರು ತಾಂಡೇಲರು ತಂದು ಹಾಕಿದ್ದಾರೆ. ಮಳೆ ಮುಗಿದ ಮೇಲೆ ಮುರ್ಡೇಶ್ವರದ ಹತ್ತಿರ ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ಶುರುವಾಗುತ್ತದೆ. ಆ ಇಬ್ಬರನ್ನೂ ಕರೆದುಕೊಂಡು ಹೋಗಿ ನೀರಿಗಿಳಿಸಬೇಕು ಅಂತ ಭಾವನ ಹಠ. ಅಕ್ಕನೂ ಬರುತ್ತಾಳಂತೆ. ಅಕ್ಟೋಬರಿನ ಒಂದು ಭಾನುವಾರಕ್ಕೆ ಎಲ್ಲರ ಹೆಸರು ಕೊಟ್ಟಾಗಿದೆ.